ಮಗುವಿನ ಮಾದರಿಗೆ ಸಹಿ ಹಾಕುವ ಮುನ್ನ



ಹಸುಗೂಸಿಗೆ ಕಾಮಾಲೆ ಬಂದರೆ ಎಳೆಬಿಸಿಲಿಗೆ ಹಿಡಿಯುವುದು ನಮ್ಮ ಮನೆಗಳ ರೂಢಿ. ಆದರೆ ಎರಡು ವಾರವಾದರೂ ಹಳದಿ ಇಳಿಯದಿದ್ದರೆ, ಮಲ ಸುಣ್ಣದಂತೆ ಬಿಳಿಚಿದ್ದರೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಅದು ಬಿಲಿಯರಿ ಅಟ್ರೇಸಿಯಾ ಇರಬಹುದು. ಪಿತ್ತನಾಳ ಮುಚ್ಚಿಹೋಗಿ, ಪಿತ್ತರಸ ಯಕೃತ್ತಿನಲ್ಲೇ ನಿಂತು ಅದನ್ನು ಹಾಳುಮಾಡುವ ಅಪರೂಪದ ಕಾಯಿಲೆ ಇದು. ಜಪಾನಿನ ಡಾ. ಮೋರಿಯೋ ಕಸಾಯ್ ಕಂಡುಹಿಡಿದ ಶಸ್ತ್ರಚಿಕಿತ್ಸೆ ಸುಮಾರು 60 ದಿನಗಳೊಳಗೆ ಆದರೆ ಫಲ ಹೆಚ್ಚು. ಫಲಿಸದಿದ್ದರೆ ಯಕೃತ್ತಿನ ಕಸಿಯೇ ದಾರಿ. 1998ರಲ್ಲಿ ದೆಹಲಿಯಲ್ಲಿ ನಡೆದ, ಮಕ್ಕಳಿಗೆ ಸಂಬಂಧಿಸಿದಂತೆ ದೇಶದ ಮೊದಲ ಯಶಸ್ವಿ ಯಕೃತ್ ಕಸಿ ಇದೇ ಕಾಯಿಲೆಗೆ. ಆ ಮಗು ನಮ್ಮ ಹತ್ತಿರದ ಕಾಂಚೀಪುರದ್ದು. ಯಕೃತ್ತಿನ ಭಾಗ ಕೊಟ್ಟವರು ತಂದೆ.

ಈ ಕಾಯಿಲೆಗೆ ಕಾರಣವೇನೆಂದು ಇಂದಿಗೂ ಪೂರ್ತಿ ತಿಳಿದಿಲ್ಲ. ಒಂದೊಂದು ಆಸ್ಪತ್ರೆಗೆ ಬರುವ ಇಂಥ ಮಕ್ಕಳು ಕೆಲವರೇ. ಆದ್ದರಿಂದ ಅನೇಕ ಕಡೆಯ ರೋಗಿಗಳ ರಕ್ತವನ್ನೂ ಬಯಾಪ್ಸಿಯಲ್ಲಿ ತೆಗೆದ ಯಕೃತ್ತಿನ ಚೂರನ್ನೂ ಅತಿಶೀತದಲ್ಲಿಟ್ಟು ಸಂಶೋಧನೆಗೆ ಒದಗಿಸುತ್ತಾರೆ. ಇದೇ ಬಯೋಬ್ಯಾಂಕ್. ದೆಹಲಿಯ ಐಎಲ್‌ಬಿಎಸ್ ಸಂಸ್ಥೆಯಲ್ಲಿ ಯಕೃತ್ ಕಾಯಿಲೆಗಳಿಗೆಂದೇ ರಾಷ್ಟ್ರೀಯ ಬಯೋಬ್ಯಾಂಕ್ ಇದೆ. ಬ್ಯಾಂಕಿನವನಾದ ನಾನು ಇದನ್ನು ಹೀಗೆ ತಿಳಿದಿದ್ದೇನೆ: ಠೇವಣಿ ಚಿಕ್ಕದು, ಬಡ್ಡಿ ಮುಂದೆ ಹುಟ್ಟುವ ಮಕ್ಕಳಿಗೆ. ನಮ್ಮ ಮಗುವಿಗೇ ಲಾಭವಾಗುತ್ತದೆಂದು ಯಾರೂ ಭರವಸೆ ಕೊಡಲಾರರು.

ಹಾಗೆಂದು ಓದದೆ ಸಹಿ ಹಾಕಬಾರದು. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ನಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿಯೇ ಒಪ್ಪಿಗೆ ಪಡೆಯಬೇಕು. ಒಲ್ಲೆವೆಂದರೂ ಚಿಕಿತ್ಸೆಗೆ ಅಡ್ಡಿಯಾಗಬಾರದು. ಒಪ್ಪಿದ ಮೇಲೂ ಹಿಂದೆ ಸರಿಯಬಹುದು. ಸಂಶೋಧನೆಯ ಪರೀಕ್ಷೆಗಳ ಖರ್ಚು ನಮ್ಮ ಮೇಲೆ ಬೀಳಬಾರದು. ಮಾದರಿ ಎಲ್ಲಿ ಇಡುತ್ತಾರೆ, ಯಾರಿಗೆ ಕೊಡುತ್ತಾರೆ, ಹೆಸರು ಗುಟ್ಟಾಗಿರುತ್ತದೆಯೇ ಎಂದು ಕೇಳುವುದು ತಂದೆತಾಯಿಯ ಹಕ್ಕು.

ಆದರೆ ಊರಿಂದ ಮಗುವನ್ನೆತ್ತಿಕೊಂಡು ಚೆನ್ನೈಗೆ ಬಂದವರ ಕೈಗೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುವ ಫಾರಂ ಸಿಕ್ಕರೆ, ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಭಯದಿಂದ ಬೇಡವೆನ್ನುತ್ತಾರೆ, ಇಲ್ಲವೇ ತಿಳಿಯದೆ ಸಹಿ ಹಾಕುತ್ತಾರೆ. ಎರಡೂ ತಪ್ಪಬೇಕು.

ಅದಕ್ಕೆ ನನ್ನ ವಿನಂತಿ ಎರಡು. ದಾನಿಗಳು ವೈದ್ಯಕೀಯ ನೆರವು ನಿಧಿಗೆ ಕೊಡುವಾಗ ಔಷಧಿಯ ಜೊತೆಗೆ ಇಂಥ ಕುಟುಂಬಗಳ ಪ್ರಯಾಣ, ಊಟ, ವಸತಿಯನ್ನೂ ನೆನೆಯಿರಿ. ಕನ್ನಡ, ತಮಿಳು ಎರಡೂ ಬಲ್ಲ ಸದಸ್ಯರು ಅರ್ಧ ದಿನ ಬಿಡುವು ಮಾಡಿಕೊಂಡು, ಆಸ್ಪತ್ರೆಯಲ್ಲಿ ಅವರ ಪಕ್ಕ ಕುಳಿತು ಫಾರಂ ಓದಿ ಹೇಳಿ. ನಿರ್ಧಾರ ಅವರದೇ ಇರಲಿ. ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.