ವಾಯರ್ ಆರಿಸೋದು, ವಾಯರ್ ಜೋಡಿಸೋದು

(ನಮ್ಮ ತರುಣ ಮಂಡಳದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನಾನು ಹೇಳಬೇಕೆಂದಿರುವುದು ವಾಯರ್ ಬಗ್ಗೆ. ನೀವು ನಗಬಹುದು, ವಾಯರ್ ಬಗ್ಗೆ ಭಾಷಣ ಏನದ ಅಂತ. ಮೋಟಾರು, ಸೆನ್ಸರ್, ಎಲ್‌ಇಡಿ, ಬೋರ್ಡು, ಇವುಗಳ ಬಗ್ಗೆ ಎಲ್ಲರೂ ಕೇಳತಾರೆ. ಇವನ್ನೆಲ್ಲ ಕೂಡಿಸುವ ವಾಯರ್ ಬಗ್ಗೆ ಯಾರೂ ಕೇಳುವುದಿಲ್ಲ. ಅಂಗಡಿಗೆ ಹೋಗಿ "ಒಂದು ಮೀಟರ್ ಸಣ್ಣ ವಾಯರ್ ಕೊಡ್ರಿ" ಅಂತೀವಿ. ಕೊಟ್ಟಿದ್ದು ತರತೀವಿ.

ಆಮೇಲೆ ಏನಾಗತದ? ವಿಜ್ಞಾನ ಪ್ರದರ್ಶನಕ್ಕೆ ಮಾಡಿದ ನೀರಿನ ಟಾಕಿ ಅಲಾರಂ ರಾತ್ರಿ ಮನೆಯಲ್ಲಿ ಚೆಂದ ಕೂಗತದ. ಮುಂಜಾನೆ ಚೀಲದಾಗ ಹಾಕಿ ಸಾಲಿಗೆ ಒಯ್ದರೆ ಸುಮ್ಮನಾಗತದ. ನೋಡಲು ಬಂದ ಗುರುಗಳು ಎರಡು ನಿಮಿಷ ನಿಂತು ಮುಂದಿನ ಟೇಬಲಿಗೆ ಹೋಗತಾರೆ. ಆ ಹುಡುಗ ಅಥವಾ ಹುಡುಗಿ ಮನಸ್ಸಿನಾಗ ಅಂದುಕೊಳ್ಳುವುದು ಒಂದೇ: "ಇದು ನಮ್ಮಂಥವರ ಕೆಲಸ ಅಲ್ಲ, ನನಗ ತಲಿ ಇಲ್ಲ." ತಲಿ ಅದ. ಬಹಳ ಸಲ ಒಳಗೆ ಒಂದು ಎಳೆ ಮುರಿದಿರತದ, ಇಲ್ಲವೇ ಒಂದು ಬೆಸುಗೆ ಬಿಟ್ಟಿರತದ. ತಲಿಯನ್ನು ಬೈಯುವ ಮೊದಲು ವಾಯರ್ ನೋಡ್ರಿ. ನನ್ನ ಮಾತಿನ ಸಾರ ಇಷ್ಟೇ. ಉಳಿದದ್ದು ಹೆಂಗ ನೋಡಬೇಕು ಅನ್ನುವುದು.

ಮೊದಲು ನಂಬರ್ ತಿಳಿದುಕೊಳ್ಳೋಣ. ಸೊಲ್ಲಾಪುರದ ಮಗ್ಗ ನೋಡಿದವರಿಗೆ ಇದು ಬೇಗ ತಿಳೀತದ. ನೂಲಿಗೆ ಕೌಂಟ್ ಅಂತ ಇರತದಲ್ಲ? 10 ಕೌಂಟಿನ ನೂಲು ದಪ್ಪ, 40 ಕೌಂಟಿನದು ಸಣ್ಣ. ನಂಬರ್ ಏರಿದಂಗ ನೂಲು ಸಣ್ಣಾಗತದ. ತಂತಿಗೂ ಹಂಗೇ ಗೇಜ್ ಅಂತ ನಂಬರ್. 36 ಗೇಜಿನ ತಂತಿ 22 ಗೇಜಿನದಕ್ಕಿಂತ ಸಣ್ಣ. ಇನ್ನೊಂದು ಹೋಲಿಕೆ ಅದ. 2/20 ಅಂದರೆ 20 ಕೌಂಟಿನ ಎರಡು ಎಳೆ ಕೂಡಿಸಿ ಹುರಿ ಮಾಡಿದ ನೂಲು. ವಾಯರ್ ಅಂಗಡಿಯಲ್ಲೂ 7/36, 14/36, 23/36 ಅಂತಾರೆ. 7/36 ಅಂದರೆ 36 ಗೇಜಿನ 7 ತಾಮ್ರದ ಎಳೆ. ಒಂದೊಂದು ಎಳೆ ಸುಮಾರು 0.19 ಮಿಲಿಮೀಟರ್ ದಪ್ಪ. ಏಳೂ ಕೂಡಿದರೆ ತಾಮ್ರದ ಅಳತೆ ಸುಮಾರು 0.2 ಚದರ ಮಿಲಿಮೀಟರ್. 14/36 ಅದರ ಎರಡು ಪಟ್ಟು, 0.4. ಮನೆಯ ವಾಯರಿಂಗಿಗೆ ಮಿಸ್ತ್ರಿಗಳು ತರುವ 1, 1.5, 2.5 ಅನ್ನುವುದೂ ಇದೇ ಚದರ ಮಿಲಿಮೀಟರ್ ಲೆಕ್ಕ. ಇನ್ನು ಮುಂದೆ ಅಂಗಡಿಯಲ್ಲಿ "ಸಣ್ಣ ವಾಯರ್" ಅನ್ನಬೇಡ್ರಿ. "7/36 ಕೊಡ್ರಿ" ಅನ್ನಿ. ಕೇಳುವ ರೀತಿ ಬದಲಾದರೆ ಅಂಗಡಿಯವನು ಕೊಡುವ ರೀತಿಯೂ ಬದಲಾಗತದ.

ಒಂದು ಎಚ್ಚರ. ಗೇಜಿನಲ್ಲಿ ಎರಡು ಪದ್ಧತಿ ಅವ, ಬ್ರಿಟಿಷರದು ಎಸ್‌ಡಬ್ಲ್ಯುಜಿ, ಅಮೆರಿಕದವರದು ಎಡಬ್ಲ್ಯುಜಿ. ನಮ್ಮ ಅಂಗಡಿಯ 36 ಬ್ರಿಟಿಷ್ ಲೆಕ್ಕದ್ದು. ಆನ್‌ಲೈನ್ ಕಿಟ್ಟಿನ ಮೇಲೆ ಬರೆದಿರುವುದು ಹೆಚ್ಚಾಗಿ ಅಮೆರಿಕನ್ ಲೆಕ್ಕ. ಒಂದೇ 22 ನಂಬರಿನ ತಂತಿ ಅಮೆರಿಕನ್ ಲೆಕ್ಕದಲ್ಲಿ 0.64 ಮಿಲಿಮೀಟರ್, ಬ್ರಿಟಿಷ್ ಲೆಕ್ಕದಲ್ಲಿ 0.71.

ಇನ್ನು ಒಂಟಿ ತಂತಿ ಬೇಕೋ, ಎಳೆಗಳ ವಾಯರ್ ಬೇಕೋ? ಒಂಟಿ ತಂತಿ ಬಗ್ಗಿಸಿದಂಗ ನಿಲ್ಲತದ, ಬ್ರೆಡ್‌ಬೋರ್ಡಿನ ತೂತಿನಾಗ ನೆಟ್ಟಗೆ ಇಳೀತದ. ಅಲ್ಲಿಗೆ ಅಮೆರಿಕನ್ ಲೆಕ್ಕದ 22 ಅಥವಾ 24 ಗೇಜಿನ ಒಂಟಿ ತಂತಿ ಸರಿ. ಆದರೆ ನಾಲ್ಕಾರು ಸಲ ಅತ್ತಿತ್ತ ಬಗ್ಗಿಸಿದರೆ ಮುರೀತದ. ಎಳೆಗಳ ವಾಯರ್ ಹಂಗಲ್ಲ. ಎಳೆ ಸಣ್ಣಾದಷ್ಟು ಬಗ್ಗುವ ಗುಣ ಹೆಚ್ಚು. ಬಾಗಿಲು ತೆರೆದು ಮುಚ್ಚುವ ಕಡೆ, ತಿರುಗುವ ಮೋಟಾರಿನ ಕಡೆ, ಚೀಲದಾಗ ಒಯ್ಯುವ ಪ್ರೊಜೆಕ್ಟಿನಾಗ ಎಳೆಗಳ ವಾಯರೇ ಬೇಕು. ಕೂತಲ್ಲೇ ಕೂಡುವುದಕ್ಕೆ ಒಂಟಿ, ಅಲುಗಾಡುವುದಕ್ಕೆ ಎಳೆ. ಇಷ್ಟು ನೆನಪಿಟ್ಟರೆ ಸಾಕು.

ಎಷ್ಟು ದಪ್ಪ ಇರಬೇಕು? ಒಂದು ಲೆಕ್ಕ ಮಾಡೋಣ. ನಿಮ್ಮ ಹತ್ತಿರ 5 ವೋಲ್ಟಿನ ಚಾರ್ಜರ್ ಅದ. 2 ಮೀಟರ್ ದೂರದಲ್ಲಿ ಒಂದು ಸಣ್ಣ ಮೋಟಾರು, ಅದು 1 ಆಂಪಿಯರ್ ಕರೆಂಟ್ ಎಳೀತದ. ಕರೆಂಟ್ ಹೋಗಿ ವಾಪಸ್ ಬರಬೇಕು, ಅಂದರೆ ದಾರಿ 4 ಮೀಟರ್. 7/36 ವಾಯರಿನ ಒಂದು ಮೀಟರಿಗೆ ಸುಮಾರು 0.084 ಓಮ್ ತಡೆ. ನಾಲ್ಕು ಮೀಟರಿನಲ್ಲಿ ಸುಮಾರು 0.34 ವೋಲ್ಟ್ ದಾರಿಯಲ್ಲೇ ಖರ್ಚಾಗತದ. 14/36 ಹಾಕಿದರೆ ಖರ್ಚು ಅರ್ಧ, 0.17. ಅದೇ ಕೂದಲೆಳೆಯಂಥ ಅಮೆರಿಕನ್ 28 ಗೇಜಿನ ಜಂಪರ್ ವಾಯರ್ ಹಾಕಿದರೆ 0.85 ವೋಲ್ಟ್ ಹೋಗತದ. ಮೋಟಾರಿಗೆ ಮುಟ್ಟುವುದು 4.15 ಮಾತ್ರ. ಮೋಟಾರು ಮುಲುಗತದ, ಅದೇ ವಾಯರಿನ ಮೇಲಿರುವ ಬೋರ್ಡು ಆರಿ ಮತ್ತೆ ಹತ್ತತದ. ನಾವು ಕೋಡ್ ತಪ್ಪಾಗ್ಯದ ಅಂತ ರಾತ್ರಿಯೆಲ್ಲ ಕೂಡತೀವಿ.

ಅದೇ 28 ಗೇಜಿನ ವಾಯರಿನಲ್ಲಿ ಒಂದು ಎಲ್‌ಇಡಿ ಹಚ್ಚಿರಿ. ಅದು ಎಳೆಯುವುದು 20 ಮಿಲಿಆಂಪಿಯರ್. ಆಗ ದಾರಿಯ ಖರ್ಚು 0.017 ವೋಲ್ಟ್, ಲೆಕ್ಕಕ್ಕೇ ಇಲ್ಲ. ಹಂಗಾಗಿ ಎಲ್ಲಾ ಕಡೆ ದಪ್ಪ ವಾಯರ್ ಬೇಕಿಲ್ಲ. ಎಲ್‌ಇಡಿ, ಬಟನ್, ಸೆನ್ಸರಿನ ಸಿಗ್ನಲ್ಲಿಗೆ ಸಣ್ಣದು. ಬ್ಯಾಟರಿ, ಮೋಟಾರು, ಎಲ್‌ಇಡಿ ಪಟ್ಟಿಗೆ ದಪ್ಪನೆಯದು. ದೂರ ಹೆಚ್ಚಾದರೆ ಇನ್ನೊಂದು ಮೆಟ್ಟಿಲು ದಪ್ಪ.

ಮೇಲಿನ ಹೊದಿಕೆಯನ್ನೂ ನೋಡ್ರಿ. ಸಾಮಾನ್ಯ ವಾಯರಿನ ಹೊದಿಕೆ ಪಿವಿಸಿ. ಅಗ್ಗ, ಎಲ್ಲಾ ಬಣ್ಣದಲ್ಲೂ ಸಿಗತದ. ಆದರೆ ಸೋಲ್ಡರಿಂಗ್ ಐರನ್ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆ ಕರಗಿ ಹಿಂದೆ ಸರೀತದ. ಸಿಲಿಕೋನ್ ಹೊದಿಕೆ ರಬ್ಬರಿನಂಗ ಮೆತ್ತಗೆ, ಕಾವು ತಡೀತದ, ಬಹಳ ಚೆಂದ ಬಗ್ಗತದ. ಬೆಲೆ ಹೆಚ್ಚು, ಬ್ಲೇಡ್ ತಾಗಿದರೆ ಬೇಗ ಹರೀತದ. ಟೆಫ್ಲಾನ್ ಹೊದಿಕೆ ಐರನ್ನಿಗೆ ಜಗ್ಗುವುದಿಲ್ಲ, ಸುಲಿಯುವುದು ಮಾತ್ರ ಕಷ್ಟ. ಕಲಿಯುವವರಿಗೆ ಪಿವಿಸಿ ಸಾಕು. ಬಣ್ಣದ ಶಿಸ್ತು ಮೊದಲ ದಿನದಿಂದಲೇ ಇರಲಿ: ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಕಪ್ಪು, ಸಿಗ್ನಲ್ಲಿಗೆ ಹಳದಿ, ನೀಲಿ, ಹಸಿರು. ಮಾಡಿದವರು ಊರಲ್ಲಿ ಇಲ್ಲದಾಗ ಇನ್ನೊಬ್ಬರು ಬಿಚ್ಚಿ ನೋಡಿದರೂ ತಿಳೀಬೇಕು.

"ಇಷ್ಟೆಲ್ಲಾ ಕೊಳ್ಳಲಿಕ್ಕೆ ರೊಕ್ಕ ಎಲ್ಲಿಂದ?" ಅಂತೀರಿ. ಭಂಗಾರದಾಗ ಬಂಗಾರ ಅದ. ಇಂಟರ್‌ನೆಟ್ ಜೋಡಿಸುವವರು ಕತ್ತರಿಸಿ ಬಿಸಾಕುವ ಕೇಬಲ್ ತುಂಡು ಕೇಳಿ ತಗೊಳ್ರಿ. ಒಂದರೊಳಗೆ ನಾಲ್ಕು ಜೋಡಿ, ಎಂಟು ಬಣ್ಣದ ತಂತಿ. ಗೋಡೆಯೊಳಗೆ ಹಾಕುವ ಜಾತಿಯದಾದರೆ ಒಂಟಿ ತಂತಿ, ಬ್ರೆಡ್‌ಬೋರ್ಡಿಗೆ ಹೇಳಿ ಮಾಡಿಸಿದಂಗ. ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕಿನ ಅಗಲ ಪಟ್ಟಿ ಕೇಬಲ್ಲಿನಲ್ಲಿ 40 ಅಥವಾ 80 ಸಣ್ಣ ವಾಯರ್ ಸಾಲಾಗಿ ಇರತಾವ. ಬೇಕಾದಷ್ಟು ಸೀಳಿ ತಗೋಬಹುದು.

ತರುವಾಗ ಎರಡು ಪರೀಕ್ಷೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡ್ರಿ. ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿ ಕಂಡರೆ ಅದು ಅಲ್ಯೂಮಿನಿಯಂಗೆ ತಾಮ್ರ ಬಳಿದದ್ದು. ಬೇಗ ಮುರೀತದ, ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ. ಎರಡನೆಯದು ಆಯಸ್ಕಾಂತ. ಹಳೇ ಸ್ಪೀಕರಿನದು ಸಾಕು. ತಾಮ್ರ ಅಂಟುವುದಿಲ್ಲ. ಅಗ್ಗದ ಜಂಪರ್ ವಾಯರ್ ಕೆಲವು ಅಂಟತಾವ, ಅವುಗಳ ಒಳಗೆ ಇರುವುದು ಉಕ್ಕು. ತುದಿಯ ಪಿನ್ನು ಅಂಟಿದರೆ ಚಿಂತೆ ಇಲ್ಲ, ವಾಯರ್ ಅಂಟಬಾರದು.

ಇಲ್ಲೇ ಒಂದು ಮಾತು ಗಟ್ಟಿಯಾಗಿ ಹೇಳತೀನಿ. ತಾಮ್ರ ತೆಗೆಯಲಿಕ್ಕೆ ವಾಯರ್ ಸುಡಬೇಡ್ರಿ. ಮನೆಯ ಹಿಂದೆ, ಹಳ್ಳದ ದಂಡಿಗೆ, ಸಣ್ಣ ಹುಡುಗರು ವಾಯರ್ ಸುಡುವುದನ್ನು ಯಾರೂ ನೋಡದೇ ಇಲ್ಲ. ಪಿವಿಸಿ ಸುಟ್ಟ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಅನ್ನುವ ಅನಿಲ ಇರತದ. ಪುಪ್ಪುಸದೊಳಗಿನ ತೇವಕ್ಕೆ ಸೇರಿದರೆ ಅದು ಆಮ್ಲ. ಡಯಾಕ್ಸಿನ್ ಅನ್ನುವ ವಿಷವೂ ಹುಟ್ಟತದ, ಅದು ಮಣ್ಣಿನಾಗ, ಮೈಯಾಗ ವರ್ಷಗಟ್ಟಲೆ ಉಳೀತದ. ನಾಲ್ಕು ಕಾಸಿನ ತಾಮ್ರಕ್ಕೆ ಮಕ್ಕಳ ಎದೆ ಸುಡುವುದು ಬೇಡ. ಸುಟ್ಟ ತಾಮ್ರ ಕಪ್ಪಾಗತದ, ನಮ್ಮ ಕೆಲಸಕ್ಕೂ ಬರುವುದಿಲ್ಲ. ವಾಯರ್ ಸುಲೀರಿ, ಸುಡಬೇಡ್ರಿ.

ಸುಲಿಯುವುದು ಹೆಂಗ? ಹಲ್ಲಿನಿಂದ ಬೇಡ. ವಾಯರ್ ಸ್ಟ್ರಿಪರ್ ಇದ್ದರೆ ಸರಿಯಾದ ತೂತಿನಾಗ ಹಿಡಿದು ಎಳೀರಿ. ಇಲ್ಲದಿದ್ದರೆ ವಾಯರನ್ನು ಹಲಗೆಯ ಮೇಲಿಟ್ಟು, ಬ್ಲೇಡ್ ಹಗೂರಕ ತಾಗಿಸಿ, ವಾಯರನ್ನು ಉರುಳಿಸಿರಿ. ಹೊದಿಕೆಗೆ ಗೆರೆ ಬಿದ್ದರೆ ಸಾಕು, ಬಗ್ಗಿಸಿ ಎಳೆದರೆ ಬರತದ. ಸುಲಿದ ಮೇಲೆ ಎಳೆ ಎಣಿಸಿರಿ. ಏಳರಲ್ಲಿ ಐದೇ ಉಳಿದಿದ್ದರೆ ಆ ತುದಿ ಕತ್ತರಿಸಿ ಮತ್ತೆ ಸುಲೀರಿ. ಎರಡು ಎಳೆ ಇವತ್ತು ಹೋದರೆ ಉಳಿದದ್ದು ಮೊದಲ ಜಗ್ಗಿಗೆ ಹೋಗತದ.

ಆಮೇಲೆ ಎಳೆಗಳನ್ನು ಹುರಿ ಮಾಡಿ ಕಲಾಯಿ ಹಚ್ಚಬೇಕು. ಹಿಂದೆ ಓಣಿಗೆ ಬಂದು ಹಿತ್ತಾಳಿ ಪಾತ್ರೆಗೆ ಹಚ್ಚುತ್ತಿದ್ದರಲ್ಲ, ಅದೇ ತವರ, ಅದೇ ಕೆಲಸ. ಅವರು ಪಾತ್ರೆ ಕಾಯಿಸಿ ಆಮೇಲೆ ತವರ ಹಚ್ಚತಿದ್ದರು. ನೀವೂ ಐರನ್ನಿನಿಂದ ಮೊದಲು ತಾಮ್ರ ಕಾಯಿಸಿರಿ, ಸೋಲ್ಡರ್ ತಂತಿಯನ್ನು ತಾಮ್ರಕ್ಕೆ ತಾಗಿಸಿರಿ, ಐರನ್ನಿಗಲ್ಲ. ಕಾದ ತಾಮ್ರ ತಾನೇ ಹೀರಿಕೊಳ್ಳತದ. 25 ವಾಟಿನ ಐರನ್, 60/40 ಸೋಲ್ಡರ್ ಸಾಕು. 60 ಪಾಲು ತವರ, 40 ಪಾಲು ಸೀಸ. ಸೀಸ ವಿಷ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ರೊಟ್ಟಿ ಮುಟ್ಟಬೇಡ್ರಿ. ಕಿಡಕಿ ತೆರೆದಿಟ್ಟು ಕೂಡ್ರಿ.

ತಿರುಪು ಹಾಕಿ ಬಿಗಿಯುವ ಕನೆಕ್ಟರಿಗೆ ಹೋಗುವ ತುದಿಗೆ ಕಲಾಯಿ ಬೇಡ. ತವರ-ಸೀಸ ಮೆತ್ತಗಿನ ಲೋಹ, ತಿರುಪಿನ ಒತ್ತಿಗೆ ನಿಧಾನಕ್ಕೆ ಹರಡತದ, ಹಿಡಿತ ಸಡಿಲಾಗತದ, ಕಾವು ಏರತದ. ಅಲ್ಲಿ ಬರೀ ಹುರಿ ಮಾಡಿ ಮಡಚಿ ಹಾಕಿರಿ.

ವಾಯರ್ ಎಲ್ಲಿ ಮುರೀತದ ಗೊತ್ತೇನು? ನಟ್ಟನಡುವೆ ಅಲ್ಲ. ಬೆಸುಗೆ ಮುಗಿದು ಮೆತ್ತಗಿನ ಎಳೆ ಶುರುವಾಗುವ ಜಾಗದಲ್ಲಿ. ಅಲ್ಲಿ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆದು, ಬಗ್ಗುವುದೆಲ್ಲ ಅಲ್ಲೇ. ಅದಕ್ಕೇ ಆ ಜಾಗದ ಮೇಲೆ ಕಾವಿಗೆ ಕುಗ್ಗುವ ಸ್ಲೀವ್ ಹಾಕಿರಿ. ಸ್ಲೀವನ್ನು ಬೆಸುಗೆಗೆ ಮೊದಲೇ ವಾಯರಿಗೆ ಪೋಣಿಸಬೇಕು. ಡಬ್ಬಿಯಿಂದ ಹೊರಗೆ ಬರುವ ವಾಯರಿಗೆ ಒಳಗಡೆ ಒಂದು ಗಂಟು ಹಾಕಿರಿ. ಯಾರಾದರೂ ಜಗ್ಗಿದರೆ ಗಂಟು ತಡೀಲಿ, ಬೆಸುಗೆ ತಡೆಯುವುದು ಬೇಡ. ಕೊನೆಗೆ ಮಲ್ಟಿಮೀಟರನ್ನು ಬೀಪ್ ಮೇಲಿಟ್ಟು, ವಾಯರನ್ನು ಅಲುಗಾಡಿಸುತ್ತಾ ಕೇಳ್ರಿ. ಬೀಪ್ ತಡವರಿಸಿದರೆ ಕಳ್ಳ ಸಿಕ್ಕ. ಪ್ರದರ್ಶನದ ಹಿಂದಿನ ರಾತ್ರಿ ಇದೊಂದು ಮಾಡ್ರಿ.

ಕಡೆಯ ಮಾತು ಜೀವದ್ದು. ಇಷ್ಟೊತ್ತು ಹೇಳಿದ್ದೆಲ್ಲ ಬ್ಯಾಟರಿ ಮತ್ತು ಚಾರ್ಜರಿನ 5, 9, 12 ವೋಲ್ಟಿಗೆ. ಗೋಡೆಯೊಳಗಿನ 230 ವೋಲ್ಟಿಗೆ ಅಲ್ಲ. 7/36 ವಾಯರಿನಿಂದ ಪಂಖಾ, ಇಸ್ತ್ರಿ, ಮಂಟಪದ ಲೈಟು ಎಳೆಯಬೇಡ್ರಿ. ವಾಯರ್ ಕಾಯತದ, ಹೊದಿಕೆ ಕರಗತದ, ಒದ್ದಿ ಬಿದಿರು, ಕಬ್ಬಿಣದ ಪತ್ರಾಕ್ಕೆ ತಾಗಿದರೆ ಮುಟ್ಟಿದವರು ಉಳಿಯುವುದಿಲ್ಲ. ಜಯಂತಿಯ ಮಂಟಪಕ್ಕೆ ಕಲಿತ ಮಿಸ್ತ್ರಿಯನ್ನೇ ಕರೀರಿ. 12 ವೋಲ್ಟಿನ ಗಾಡಿ ಬ್ಯಾಟರಿಯೂ ಸುಮ್ಮನಿರುವುದಲ್ಲ. ಎರಡು ತುದಿ ಒಂದಕ್ಕೊಂದು ತಾಗಿದರೆ ಸಣ್ಣ ವಾಯರ್ ಕೆಂಡವಾಗತದ. ಬ್ಯಾಟರಿಯ ಪ್ಲಸ್ಸಿನ ಹತ್ತಿರವೇ ಒಂದು ಫ್ಯೂಸ್ ಹಾಕಿರಿ.

ಮಂಡಳಕ್ಕೆ ನನ್ನ ಬೇಡಿಕೆ ಒಂದೇ. ನಮ್ಮ ವಾಚನಾಲಯದ ಕಪಾಟಿನಲ್ಲಿ ಪುಸ್ತಕದ ಪಕ್ಕ ಒಂದು ವಾಯರ್ ಡಬ್ಬಿ ಇಡೋಣ. ಐದು ಬಣ್ಣದ 7/36 ಹತ್ತತ್ತು ಮೀಟರ್, ಕೆಂಪು-ಕಪ್ಪು 14/36 ಹತ್ತತ್ತು ಮೀಟರ್, ಇಂಟರ್‌ನೆಟ್ ಕೇಬಲ್ಲಿನ ತುಂಡುಗಳು, ಒಂದು ಸ್ಟ್ರಿಪರ್, ಒಂದು ಐರನ್, ಒಂದು ಮಲ್ಟಿಮೀಟರ್. ಪುಸ್ತಕ ಒಯ್ದಂಗ ಹೆಸರು ಬರೆದು ಒಯ್ಯಬೇಕು, ಗೇಣಿಗಿಂತ ಉದ್ದ ಉಳಿದದ್ದನ್ನು ವಾಪಸ್ ತರಬೇಕು. ಹುಡುಗಿಯರಿಗೂ ಡಬ್ಬಿಯ ಕೀಲಿ ಕೈಗೆ ಸಿಗಬೇಕು. ಎಲ್ಲರ ಮನೆಯಲ್ಲೂ ಮಲ್ಟಿಮೀಟರ್ ಇರುವುದಿಲ್ಲ. ಓಣಿಗೆ ಒಂದು ಇದ್ದರೆ ಎಲ್ಲರ ಮನೆಯಲ್ಲೂ ಇದ್ದಂಗ. ಮೊದಲ ಹತ್ತು ಮೀಟರ್ ನಾನು ತಂದಿದ್ದೇನೆ, ಸಭೆ ಮುಗಿದ ಮೇಲೆ ಬಂದು ಒಬ್ಬೊಬ್ಬರು ಒಂದೊಂದು ತುದಿ ಸುಲಿದು, ಎಳೆ ಎಣಿಸಿ ಹೋಗ್ರಿ.