ಪರದೇಶದ ಉಪಾಧ್ಯಾಯ



ಧರ್ಮಪ್ರಚಾರಕ್ಕೆಂದೋ ವಿದ್ಯಾದಾನಕ್ಕೆಂದೋ ಕಡಲು ದಾಟಿ ಪರದೇಶಕ್ಕೆ ಹೋದವನ ಬಾಳಿನಲ್ಲಿ ಅತ್ಯಂತ ಕಠಿನವಾದ ಗಳಿಗೆ ಯಾವುದೆಂದು ಕೇಳಿದರೆ, ತಾಯ್ನಾಡಿನ ರೇವನ್ನು ಬಿಟ್ಟು ಹಡಗು ಹೊರಡುವ ಗಳಿಗೆಯೇ ಎಂದು ಬಹುಮಂದಿ ಹೇಳಿಯಾರು. ನನಗೆ ಹಾಗೆ ತೋರುವುದಿಲ್ಲ. ಹೊರಡುವವನಿಗೆ ಪ್ರಾಯದ ಬಲವಿರುತ್ತದೆ, ಬೀಳ್ಕೊಡುವವರ ಹಾರೈಕೆಯಿರುತ್ತದೆ, ತಾನು ಮಾಡಹೊರಟ ಕಾರ್ಯದ ಚಿತ್ರವೊಂದು ಕಣ್ಣೆದುರಿಗೆ ನಿಚ್ಚಳವಾಗಿ ನಿಂತಿರುತ್ತದೆ. ಆ ಚಿತ್ರದ ರೇಖೆಗಳು ಒಂದೊಂದಾಗಿ ಅಳಿಸಿಹೋಗಿ, ಎಣಿಸದೆ ಇದ್ದ ಬೇರೊಂದು ಕೆಲಸ ಕೈಗೆ ಬಂದು, ಅದರಲ್ಲಿ ಮನಸ್ಸು ನೆಲೆಗೊಂಡ ಹೊತ್ತಿಗೆ ಹುಟ್ಟೂರಿಗೆ ಹಿಂದಿರುಗಬೇಕಾಗಿ ಬರುವುದುಂಟಲ್ಲ, ಅದು ಹೆಚ್ಚಿನ ಕಷ್ಟ. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾದುದಿಲ್ಲ. ನಮ್ಮ ಕರಾವಳಿಗೆ ಬಂದ ಹರ್ಮನ್ ಮೊಗ್ಲಿಂಗರ ಚರಿತ್ರೆಯಲ್ಲಿಯೇ ಅದು ದೊರೆಯುತ್ತದೆ.

ಮೊಗ್ಲಿಂಗರು 1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿ, ಟ್ಯೂಬಿಂಗೆನ್ನಿನಲ್ಲಿ ದೇವಶಾಸ್ತ್ರವನ್ನು ಓದಿ, 1836ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೂರು ದಶಕಗಳ ಹಿಂದೆ ಯುರೋಪಿನಿಂದ ಇಲ್ಲಿಗೆ ಬರುವುದೆಂದರೆ ತಿಂಗಳುಗಟ್ಟಲೆಯ ಮಾತು, ಬರೆದ ಕಾಗದಕ್ಕೆ ಉತ್ತರ ಬರುವುದೂ ಅಷ್ಟೇ ನಿಧಾನ. ಪಾಠ ಹೇಳಬೇಕೆಂದು ಬಂದವರು ಮೊದಲು ಪಾಠಕ್ಕೆ ಕೂರಬೇಕಾಯಿತು. ಮಂಗಳೂರಿನ ಪೇಟೆಯಲ್ಲಿ ತುಳು, ಒಂದು ಕೇರಿಯಲ್ಲಿ ಕೊಂಕಣಿ, ಇನ್ನೊಂದರಲ್ಲಿ ಬ್ಯಾರಿ ಮಾತು, ಶಾಲೆಗೂ ಕಛೇರಿಗೂ ಕನ್ನಡ. ಇಷ್ಟರ ನಡುವೆ, ಜರ್ಮನ್ ನಾಲಗೆ ಕಂಡರಿಯದ ಟಕಾರ ಣಕಾರ ಳಕಾರಗಳನ್ನು ಪಂಡಿತನೊಬ್ಬನ ಮುಂದೆ ಕೂತು ಮಕ್ಕಳಂತೆ ತಿದ್ದಿಸಿಕೊಳ್ಳುತ್ತ, ವಿಶ್ವವಿದ್ಯಾನಿಲಯದಲ್ಲಿ ಗಳಿಸಿದ ಗ್ರೀಕ್ ಲ್ಯಾಟಿನ್‌ಗಳ ಹೆಮ್ಮೆಯನ್ನು ಬದಿಗಿಡಬೇಕಾದ ಆ ಅವಸ್ಥೆ ಸುಲಭವಾಗಿರಲಾರದು. ಹೀಗೆ ವಿದ್ಯಾರ್ಥಿಯಾಗಿ ಕೂರಲಾರದೆ ದುಭಾಷಿಗಳ ಮೂಲಕವೇ ಕಾಲ ಕಳೆದ ಪಾದ್ರಿಗಳೂ ಇದ್ದರು. ಅವರ ಬೋಧನೆ ಜನರ ಮನಸ್ಸನ್ನು ಎಷ್ಟು ಮುಟ್ಟಿತೆಂಬುದನ್ನು ಊಹಿಸಿಕೊಳ್ಳಬಹುದು.

ಮುಂದೆ ಮಂಗಳೂರಿನಲ್ಲಿ ಹುಡುಗರಿಗೆ ಶಾಲೆ, ಆ ಬಳಿಕ ಬೋಧಕರನ್ನು ತಯಾರಿಸುವ ಸೆಮಿನರಿ. ಬಹುಕಾಲ ಅವಿವಾಹಿತರಾಗಿಯೇ ಇದ್ದ ಮೊಗ್ಲಿಂಗರಿಗೆ ಶಿಷ್ಯರೇ ಸಂಸಾರ. ಆ ಶಿಷ್ಯರ ಪೈಕಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ 1844ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದಾಗ ಊರೆಲ್ಲ ಅಲ್ಲೋಲಕಲ್ಲೋಲವಾಯಿತು. ಒಂದು ಮನೆಯ ದುಃಖವನ್ನು ಇನ್ನೊಬ್ಬರ ವಿಜಯವೆಂದು ಬರೆಯುವ ರೂಢಿ ಮಿಶನ್ನಿನ ವರದಿಗಳಲ್ಲಿ ಇದ್ದದ್ದೇ. ನಾವು ಅದನ್ನು ಹಾಗೆಯೇ ಒಪ್ಪಿಕೊಳ್ಳಬೇಕಾಗಿಲ್ಲ, ಮೊಗ್ಲಿಂಗರು ಇಲ್ಲಿಗೆ ಬಂದ ಉದ್ದೇಶವನ್ನು ಮರೆಮಾಚಬೇಕಾಗಿಯೂ ಇಲ್ಲ. ಆದರೆ ಆಮೇಲೆ ನಡೆದುದು ಕುತೂಹಲಕರ. ಗುರು ಬಂದ ದಾರಿಯನ್ನೇ ಶಿಷ್ಯನು ವಿಪರೀತಕ್ರಮದಲ್ಲಿ ಹಿಡಿದು ಬಾಸೆಲಿಗೆ ಹೋಗಿ, ಅಲ್ಲಿಯ ಭಾಷೆಯನ್ನು ಕಲಿತು, ವರ್ಷಗಳ ಕಾಲ ಓದಿ, ದೀಕ್ಷೆ ಪಡೆದು, ಹೆಸರಿನ ಮೊದಲಿಗೆ ಗುರುವಿನ ‘ಹರ್ಮನ್’ ಎಂಬುದನ್ನೂ ಸೇರಿಸಿಕೊಂಡು 1851ರಲ್ಲಿ ಹಿಂದಿರುಗಿ ಸೆಮಿನರಿಯಲ್ಲಿ ಉಪಾಧ್ಯಾಯನಾದನು.

ಇನ್ನು ಮೊಗ್ಲಿಂಗರು ಎಣಿಸದೆ ಇದ್ದ ಕೆಲಸದ ಮಾತು. ಅವರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗೋಟ್‌ಫ್ರೀಡ್ ವೈಗ್ಲೆಯವರು 1841ರಲ್ಲಿ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರಗಳನ್ನು ತಂದರು. ಕಲ್ಲಚ್ಚಿನ ಕ್ರಮ ನೋಡುವುದಕ್ಕೆ ಬಲು ಚೆಂದ. ಮೊಳೆಗಳನ್ನು ಎರಕಹೊಯ್ಯುವ ಗೊಡವೆಯಿಲ್ಲ; ದುಂಡಗಿನ ಅಕ್ಷರದ ಬರಹಗಾರನೊಬ್ಬನು ಜಿಡ್ಡಿನ ಮಸಿಯಲ್ಲಿ ಹದಮಾಡಿದ ಕಾಗದದ ಮೇಲೆ ಬರೆಯುವನು; ಆ ಕಾಗದವನ್ನು ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಬೋರಲಾಗಿ ಇಟ್ಟು ಒತ್ತಿದರೆ ಅಕ್ಷರಗಳು ಕಲ್ಲಿಗೆ ತಿರುಗುಮುರುಗಾಗಿ ಇಳಿಯುವುವು; ಅನಂತರ ಕಲ್ಲನ್ನು ನೀರಿನಲ್ಲಿ ಒದ್ದೆಮಾಡಿ ಮಸಿಯ ಉರುಳೆಯನ್ನು ಹೊರಳಿಸಿದರೆ, ಒದ್ದೆಯಾದ ಭಾಗ ಮಸಿಯನ್ನು ತಳ್ಳಿ, ಜಿಡ್ಡಿನ ಗೆರೆ ಮಾತ್ರ ಅದನ್ನು ಹಿಡಿಯುವುದು; ಅದರ ಮೇಲೆ ಬಿಳಿಯ ಹಾಳೆಯನ್ನಿಟ್ಟು ಒತ್ತಿದಾಗ ಬರಹಗಾರನ ಕೈಬರಹವೇ ನೆಟ್ಟಗೆ ಎದ್ದುಬರುವುದು. ಈ ಬಗೆಯ ಅಚ್ಚಿನಲ್ಲಿಯೇ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಟಿತು. ಕನ್ನಡದ ಮೊತ್ತಮೊದಲಿನ ವೃತ್ತಪತ್ರಿಕೆ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರ ವರ್ತಮಾನವೂ ಸರಕಾರದ ನಿರೂಪಗಳೂ ಕಥೆಗಳೂ ಅದರಲ್ಲಿ ಒಟ್ಟಿಗೆ ಇರುತ್ತಿದ್ದುವು. ಮರುವರ್ಷ ಅದು ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಪತ್ರಿಕೆಗಿಂತಲೂ ಹಿರಿದೆಂದು ನಾನು ಎಣಿಸುವುದು ಅವರ ಗ್ರಂಥಮಾಲೆಯನ್ನು. ನೀಲಗಿರಿಯಲ್ಲಿ ನೆಲೆಸಿದ್ದ ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ದ್ರವ್ಯಸಹಾಯದಿಂದ 1848ರಲ್ಲಿ ಆರಂಭವಾಗಿ 1853ರ ತನಕ ನಡೆದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಆ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವು, ಓಲೆಗರಿಯ ಕಟ್ಟುಗಳಿಂದ ಇಳಿದು ಕಲ್ಲಚ್ಚಿನ ಹಾಳೆಗೆ ಬಂದುವು. ಮತಾಂತರಕ್ಕಾಗಿ ನಿಯುಕ್ತರಾದ ಪಾದ್ರಿಯೊಬ್ಬರು, ತಾವು ಯಾವ ನಂಬಿಕೆಯನ್ನು ಬದಲಿಸಬೇಕೆಂದು ಬಂದಿದ್ದರೋ ಅದೇ ನಂಬಿಕೆಯ ಪುರಾಣಗಳನ್ನೂ ಕೀರ್ತನೆಗಳನ್ನೂ ಹುಡುಕಿಸಿ, ಬರೆಯಿಸಿ, ಅಚ್ಚುಮಾಡಿಸಿದ ಈ ಸಂಗತಿ ಬಾಸೆಲಿನ ಹಿರಿಯರಿಗೆ ಹೇಗೆ ಕಂಡಿರಬಹುದೋ! ಜನರ ಮನಸ್ಸನ್ನು ತಿಳಿಯಲು ಅವರ ಗ್ರಂಥಗಳನ್ನು ಓದಬೇಕೆಂಬ ಸಮಾಧಾನ ಹೇಳಿಕೊಳ್ಳಬಹುದಾಗಿದ್ದರೂ, ಅಷ್ಟು ದೊಡ್ಡ ದುಡಿಮೆಗೆ ಆ ಕಾರಣವೊಂದೇ ಸಾಲದು. ಓದುತ್ತ ಓದುತ್ತ ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಮಾಧುರ್ಯಕ್ಕೆ ಅವರು ಒಲಿದಿರಬೇಕೆಂದೇ ನನ್ನ ಎಣಿಕೆ. ಮುಂದೆ 1894ರಲ್ಲಿ ಹೊರಬಂದ, ಅದೇ ಮಿಶನ್ನಿನ ಕಿಟ್ಟೆಲರ ಕನ್ನಡ ನಿಘಂಟನ್ನು ತಿರುವಿದರೆ, ಜೈಮಿನಿ ಭಾರತದಿಂದಲೂ ಬಸವಪುರಾಣದಿಂದಲೂ ದಾಸರ ಪದಗಳಿಂದಲೂ ಎತ್ತಿಕೊಂಡ ಪ್ರಯೋಗಗಳು ಹೆಜ್ಜೆಹೆಜ್ಜೆಗೂ ಕಾಣಸಿಗುತ್ತವೆ.

   

1853ರಲ್ಲಿ ಮೊಗ್ಲಿಂಗರು ಮಂಗಳೂರನ್ನು ಬಿಟ್ಟು ಕೊಡಗಿಗೆ ನಡೆದರು. ಆಳ್ಮಂಡ ಮನೆತನದ ಕೊಡವನೊಬ್ಬನು ದೀಕ್ಷೆಯನ್ನು ಕೇಳಿದ್ದೇ ಇದಕ್ಕೆ ನಿಮಿತ್ತ. ಮೇಲಿನವರ ಅಪ್ಪಣೆಗೆ ಕಾಯದೆ ಸ್ವಂತ ಜವಾಬ್ದಾರಿಯಲ್ಲಿ ಹೋದದ್ದರಿಂದ ಕೆಲವು ಕಾಲ ಮಿಶನ್ನಿನ ನೆರಳೂ ತಪ್ಪಿತು. ಘಟ್ಟದ ಮಳೆ, ಕಾಡು, ಹೊಸ ಜನ, ಹೊಸ ಮಾತು. ಅಷ್ಟು ವರ್ಷಗಳ ಅನುಭವಿಯು ಮತ್ತೆ ಮೊದಲ ಪಾಠದಿಂದ ತೊಡಗಬೇಕಾಯಿತು. ಎರಡೇ ವರ್ಷದಲ್ಲಿ, 1855ರಲ್ಲಿ, ಕೊಡಗಿನ ಅರಸರ ಚರಿತ್ರೆಯನ್ನೂ ಜನಜೀವನವನ್ನೂ ಕುರಿತ ‘ಕೂರ್ಗ್ ಮೆಮಾಯಿರ್ಸ್’ ಎಂಬ ಇಂಗ್ಲಿಷ್ ಗ್ರಂಥವನ್ನು ಅವರು ಪ್ರಕಟಿಸಿದರು. ಅದೇ ವರ್ಷ ವೈಗ್ಲೆಯವರು ತೀರಿಕೊಂಡರು. ಆಮೇಲೆ ಅವರ ವಿಧವೆ ಪಾಲಿನ್ ಅವರನ್ನು ಮೊಗ್ಲಿಂಗರು ವರಿಸಿದರು. ಕನ್ನಡದ ಸೇವೆಗಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು.

ಹೆಂಡತಿಯ ದೇಹಸ್ಥಿತಿ ಕೆಟ್ಟುದರಿಂದ 1860ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಇಪ್ಪತ್ತೈದರಲ್ಲಿ ಹೊರಟವರು ಐವತ್ತರ ಹತ್ತಿರ ಮರಳಿದರು. ಬಿಟ್ಟುಹೋದ ಊರು ಅಲ್ಲಿರಲಿಲ್ಲ. ಜೊತೆಯಲ್ಲಿ ಓದಿದವರು ಅವರವರ ಸ್ಥಾನಗಳಲ್ಲಿ ಬೇರೂರಿ ಕುಳಿತಿದ್ದರು, ರೈಲು ಬಂದಿತ್ತು, ಇವರು ಬಲ್ಲ ಭಾಷೆಯನ್ನು ಕೇಳುವವರು ಯಾರೂ ಇರಲಿಲ್ಲ. ಇಂತಹ ಸ್ಥಿತಿಯಲ್ಲಿ ಮರುಗಿ ಕೂರುವವರೂ ಉಂಟು. ಮೊಗ್ಲಿಂಗರು ದಾಸರ ಹಾಡುಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್ ಭಾಷೆಗೆ ತಿರುಗಿಸಿ ಜರ್ಮನ್ ಪ್ರಾಚ್ಯ ಸಂಸ್ಥೆಯ ಪತ್ರಿಕೆಗೆ ಕಳುಹಿಸತೊಡಗಿದರು. ಕಾಳಿದಾಸನನ್ನು ಬಲ್ಲ ಅಲ್ಲಿಯ ಪಂಡಿತರಿಗೆ ಪುರಂದರದಾಸರ ಹೆಸರನ್ನು ಹೇಳಬೇಕಾದ ಕಾರ್ಯ ಅವರ ಪಾಲಿಗೆ ಬಂದಿತು. 1881ರಲ್ಲಿ ಎಸ್ಲಿಂಗೆನ್ ಎಂಬಲ್ಲಿ ಅವರು ತೀರಿಕೊಂಡರು.

ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆ ದಿನದ ಭಾಷಣಗಳಲ್ಲೆಲ್ಲ ಮೊಗ್ಲಿಂಗರು ಸಂಪಾದಕರಾಗಿಯೇ ಕಾಣಿಸಿಕೊಳ್ಳುತ್ತಾರೆ. ಮಂಗಳೂರಿನಲ್ಲಿ ಆ ಪತ್ರಿಕೆ ಅಚ್ಚಾದದ್ದು ಒಂದು ವರ್ಷಕ್ಕಿಂತ ಕಡಮೆ ಕಾಲ. ಅವರು ಇಲ್ಲಿ ಇದ್ದು ದುಡಿದದ್ದು ಇಪ್ಪತ್ತನಾಲ್ಕು ವರ್ಷ.