ಜೇನು ಮದ್ದೇ ಸರಿ, ಆದರೆ ಹಸುಳೆಗಲ್ಲ

(ಸಂಘದ ವಾರ್ಷಿಕ ಸಭೆಯಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಪರೀಕ್ಷೆ, ಫಲಿತಾಂಶ, ವಿದ್ಯಾರ್ಥಿವೇತನಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಒಂದು ಬೆರಳಿನಷ್ಟು ಜೇನು. ಎಳೆಗೂಸಿಗೆ ಕೆಮ್ಮು ಬಂದಾಗ ಜೇನು ನೆಕ್ಕಿಸಬಹುದೆ? ನಾನು ವೈದ್ಯಳಲ್ಲ, ಆಲಿಮಾ ಕೂಡ ಅಲ್ಲ. ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೆ ಪುಸ್ತಕದಲ್ಲಿರುವ ತಿಳಿವಳಿಕೆಯನ್ನು ಅಡುಗೆಮನೆಯವರೆಗೆ ಮುಟ್ಟಿಸುವುದೂ ಶಿಕ್ಷಣವೇ ಎಂದು ನಂಬಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಕೆಮ್ಮಿಗೂ ಬೇಡ, ಹೊಟ್ಟೆನೋವಿಗೂ ಬೇಡ, ಅಳು ನಿಲ್ಲಿಸಲು ರಬ್ಬರ್ ನಿಪ್ಪಲ್‌ಗೆ ಸವರಿಕೊಡುವುದೂ ಬೇಡ. ಒಂದು ವರ್ಷ ದಾಟಿದ ಮಗುವಿಗೆ ಕೊಡಬಹುದು, ಅದರಿಂದ ಉಪಯೋಗವೂ ಇದೆ. ಏಕೆ ಹೀಗೆ ಎಂಬುದನ್ನು ವಿವರಿಸಲು ನಿಮ್ಮ ಕೆಲವು ನಿಮಿಷ ಬೇಡುತ್ತೇನೆ.

ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ ಒಂದು ಸೂತ್ರವಿದೆ: ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕು. ನಮಗೆ ತಿಳಿದಿರುವುದೇನು? ಕನ್ನಡದಲ್ಲಿ ಜೇನು, ಉರ್ದುವಿನಲ್ಲಿ ಶಹದ್, ಅರಬಿಯಲ್ಲಿ ಅಸಲ್. ಪವಿತ್ರ ಕುರ್‌ಆನಿನ 16ನೇ ಅಧ್ಯಾಯದ ಹೆಸರೇ ಅನ್ನಹ್ಲ್, ಅಂದರೆ ಜೇನುನೊಣ. ಜೇನು ಮನುಷ್ಯರಿಗೆ ಶಮನ ನೀಡುವ ವಸ್ತುವೆಂಬ ಮಾತು ಅಲ್ಲಿ ಬರುತ್ತದೆ. ಹಾಗಾಗಿಯೇ ನಮ್ಮ ಮನೆಗಳಲ್ಲಿ ಜೇನಿಗೆ ವಿಶೇಷ ಗೌರವ. ಮಗು ಹುಟ್ಟಿದ ದಿನ ನಾಲಿಗೆಗೆ ಜೇನು ಸವರುವವರಿದ್ದಾರೆ. ಘುಟ್ಟಿಗೆ ಜೇನು ಬೆರೆಸುವವರಿದ್ದಾರೆ. ನೆರೆಹೊರೆಯ ಹಿಂದೂ ಮನೆಗಳಲ್ಲಿಯೂ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದುಂಟು. ದೊಡ್ಡಪತ್ರೆ ಎಲೆಯನ್ನು ಬಾಡಿಸಿ, ರಸ ಹಿಂಡಿ, ಜೇನು ಸೇರಿಸಿ ಕೆಮ್ಮಿಗೆ ಕೊಡುವುದುಂಟು. ಇದರ ಹಿಂದಿರುವುದು ಪ್ರೀತಿ. ಆ ಪ್ರೀತಿಯನ್ನು ನಾನು ಪ್ರಶ್ನಿಸುತ್ತಿಲ್ಲ.

ಇನ್ನು ತಿಳಿಯದ ಭಾಗಕ್ಕೆ ಬರೋಣ. ಮಣ್ಣಿನಲ್ಲಿ, ಧೂಳಿನಲ್ಲಿ ಕ್ಲಾಸ್ಟ್ರಿಡಿಯಂ ಬೋಟುಲಿನಮ್ ಎಂಬ ಒಂದು ಬ್ಯಾಕ್ಟೀರಿಯಾ ಇದೆ. ತನಗೆ ಒಗ್ಗದ ಪರಿಸ್ಥಿತಿ ಬಂದಾಗ ಅದು ಗಟ್ಟಿ ಕವಚದೊಳಗೆ ಸೇರಿಕೊಂಡು ಮಲಗಿಬಿಡುತ್ತದೆ. ಈ ಸ್ಥಿತಿಗೆ ಬೀಜಾಣು ಎನ್ನುತ್ತಾರೆ. ಒಣಗಿದ ಬೀಜ ಮಳೆಗಾಗಿ ಕಾಯುವಂತೆ ಅದು ಅನುಕೂಲ ಕಾಲಕ್ಕಾಗಿ ಕಾಯುತ್ತದೆ. ಕೆಲವು ಜೇನಿನಲ್ಲಿ ಈ ಬೀಜಾಣುಗಳು ಇರುತ್ತವೆ. ಜೇನಿನಲ್ಲಿ ಸಕ್ಕರೆ ಹೆಚ್ಚು, ನೀರು ಕಡಿಮೆ. ಆದ್ದರಿಂದ ಅಲ್ಲಿ ಅವು ಮೊಳೆಯಲಾರವು. ಆದರೆ ಸಾಯುವುದೂ ಇಲ್ಲ.

ನೀವು, ನಾನು ಅಂಥ ಜೇನು ತಿಂದರೆ ಏನೂ ಆಗುವುದಿಲ್ಲ. ನಮ್ಮ ಕರುಳಿನಲ್ಲಿ ಆಗಲೇ ನೆಲೆಸಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಈ ಹೊಸಬನಿಗೆ ಜಾಗ ಕೊಡುವುದಿಲ್ಲ. ಹಸುಳೆಯ ಕರುಳಿನಲ್ಲಿ ಆ ಕಾವಲು ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಬೀಜಾಣು ಮೊಳೆತು, ಬೆಳೆದು, ವಿಷವನ್ನು ಉತ್ಪಾದಿಸಬಹುದು. ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶವನ್ನು ಆ ವಿಷ ತಡೆಯುತ್ತದೆ. ಇದೇ ಶಿಶು ಬೋಟುಲಿಸಂ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ರೋಗವನ್ನು ಮೊದಲು ಗುರುತಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ಜೇನಿನೊಂದಿಗೆ ಇದರ ನಂಟು ಕೂಡ ಬಯಲಾಯಿತು. ಹೆಚ್ಚಿನ ರೋಗಿಗಳು ಆರು ತಿಂಗಳೊಳಗಿನ ಕೂಸುಗಳು.

ಲಕ್ಷಣಗಳನ್ನು ದಯವಿಟ್ಟು ಗಮನವಿಟ್ಟು ಓದಿ. ಮೊದಲು ಸಾಮಾನ್ಯವಾಗಿ ಮಲಬದ್ಧತೆ. ಆಮೇಲೆ ಮಗು ಹಾಲು ಚೀಪಲು ಸೋಲುತ್ತದೆ. ಅಳುವಿನ ದನಿ ಕ್ಷೀಣವಾಗುತ್ತದೆ. ರೆಪ್ಪೆ ಜೋಲುತ್ತದೆ, ಮುಖದಲ್ಲಿ ಭಾವ ಕಾಣುವುದಿಲ್ಲ, ಕತ್ತು ನಿಲ್ಲುವುದಿಲ್ಲ, ಕೈಕಾಲು ಸತ್ವವಿಲ್ಲದೆ ಬಟ್ಟೆಯಂತೆ ಜೋತುಬೀಳುತ್ತವೆ. ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ಬೀಜಾಣು ಹೊಟ್ಟೆ ಸೇರಿದ ಮೇಲೆ ಇವು ಕಾಣಿಸಿಕೊಳ್ಳಲು ಕೆಲವು ದಿನಗಳಿಂದ ಒಂದು ತಿಂಗಳು ಹಿಡಿಯಬಹುದು. ಅಷ್ಟರಲ್ಲಿ ಜೇನು ನೆಕ್ಕಿಸಿದ್ದನ್ನೇ ಮನೆಯವರು ಮರೆತಿರುತ್ತಾರೆ. ವೈದ್ಯರು ಕೇಳದಿದ್ದರೂ ನೀವಾಗಿಯೇ ಅದನ್ನು ಹೇಳಬೇಕು. ಸಕಾಲದಲ್ಲಿ ಆಸ್ಪತ್ರೆ ಸೇರಿದರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆದರೆ ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಕೆಲವು ಮಕ್ಕಳಿಗೆ ಕೃತಕ ಉಸಿರಾಟವೂ ಬೇಕಾಗುತ್ತದೆ.

ಈಗ ಮನೆಯಲ್ಲಿ ಏಳುವ ಪ್ರಶ್ನೆಗಳು. ಮೊದಲನೆಯದು ಅಜ್ಜಿಯದು: "ನಾವೆಲ್ಲ ಜೇನು ನೆಕ್ಕಿಯೇ ಬೆಳೆದವರಲ್ಲವೆ? ನಮಗೇನಾಯಿತು?" ಪ್ರಶ್ನೆ ನ್ಯಾಯವಾದದ್ದು. ಈ ರೋಗ ಅಪರೂಪ. ಎಲ್ಲ ಜೇನಿನಲ್ಲಿಯೂ ಬೀಜಾಣು ಇರುವುದಿಲ್ಲ, ಇದ್ದರೂ ತಿಂದ ಮಕ್ಕಳಿಗೆಲ್ಲ ರೋಗ ಬರುವುದಿಲ್ಲ. ಜೇನು ತಿನ್ನದ ಮಕ್ಕಳಿಗೂ ಧೂಳಿನಿಂದ ಬಂದದ್ದುಂಟು. ಆದರೆ ಧೂಳನ್ನು ಪೂರ್ತಿ ತಡೆಯುವುದು ನಮ್ಮ ಕೈಯಲ್ಲಿಲ್ಲ. ಜೇನನ್ನು ತಡೆಯುವುದು ನಮ್ಮ ಕೈಯಲ್ಲಿಯೇ ಇದೆ. ಹಸುಳೆಗೆ ಜೇನಿನಿಂದ ಆಗಬೇಕಾದ, ಬೇರೆಡೆ ಸಿಗದ ಲಾಭ ಒಂದೂ ಇಲ್ಲ. ಲಾಭವಿಲ್ಲದ ಕಡೆ ಮಗುವಿನ ಉಸಿರನ್ನು ಪಣಕ್ಕಿಡುವುದೇಕೆ?

ಎರಡನೆಯದು: "ನಮ್ಮದು ಅಪ್ಪಟ ಕೊಡಗಿನ ಜೇನು, ಕಲಬೆರಕೆಯಿಲ್ಲ." ಇಲ್ಲಿ ಕಲಬೆರಕೆಯ ಮಾತೇ ಬರುವುದಿಲ್ಲ. ಹೆಜ್ಜೇನಾಗಲಿ, ತುಡುವೆಯಾಗಲಿ, ಅಂಗಡಿಯ ಬಾಟಲಿಯಾಗಲಿ, ಅತಿ ಶುದ್ಧವಾದ ಜೇನಿನಲ್ಲಿಯೂ ಬೀಜಾಣು ಇರಬಹುದು. ಬಣ್ಣ, ವಾಸನೆ, ರುಚಿಯಿಂದ ಅದನ್ನು ಕಂಡುಹಿಡಿಯಲಾಗದು.

ಮೂರನೆಯದು: "ಬಿಸಿನೀರಿಗೆ ಹಾಕಿ ಕುದಿಸಿ ಕೊಟ್ಟರೆ?" ನೀರು ಕುದಿಯುವ 100 ಡಿಗ್ರಿಯಲ್ಲಿ ಈ ಬೀಜಾಣುಗಳು ಸಾಯುವುದಿಲ್ಲ. ಅವನ್ನು ಕೊಲ್ಲಲು ಒತ್ತಡದ ಹಬೆಯಲ್ಲಿ 121 ಡಿಗ್ರಿಯಷ್ಟು ಶಾಖ ಬೇಕು. ಮನೆಯ ಪಾತ್ರೆಯಲ್ಲಿ ಕಾಯಿಸಿದ್ದರಿಂದ ಪ್ರಯೋಜನವಿಲ್ಲ.

ನಾಲ್ಕನೆಯದು ಬಾಣಂತಿಯರದು: "ನಾನು ಜೇನು ತಿಂದರೆ ಹಾಲಿನ ಮೂಲಕ ಮಗುವಿಗೆ ಹೋಗುತ್ತದೆಯೆ?" ಇಲ್ಲ. ಹಾಲುಣಿಸುವ ತಾಯಿ ನಿಶ್ಚಿಂತೆಯಿಂದ ಜೇನು ತಿನ್ನಬಹುದು. ಆದರೆ ಜೇನು ಮೆತ್ತಿದ ಕೈಯನ್ನು ತೊಳೆದುಕೊಂಡೇ ಮಗುವನ್ನು ಎತ್ತಿಕೊಳ್ಳಿ.

ಐದನೆಯ ಪ್ರಶ್ನೆಯನ್ನು ಕೇಳಲು ಹಲವರು ಹಿಂಜರಿಯುತ್ತಾರೆ: "ಹಾಗಾದರೆ ತಹ್ನೀಕ್?" ಪ್ರವಾದಿ(ಸ)ಯವರು ಖರ್ಜೂರವನ್ನು ಜಗಿದು ನವಜಾತ ಶಿಶುವಿನ ಬಾಯಿಗೆ ಸವರಿದ ವರದಿಗಳು ಹದೀಸ್ ಗ್ರಂಥಗಳಲ್ಲಿವೆ. ಖರ್ಜೂರ ಸಿಗದ ಕಡೆ ಜನ ಜೇನು ಬಳಸುತ್ತ ಬಂದರು. ಇಂದು ನಮ್ಮ ಊರುಗಳಲ್ಲಿ ಖರ್ಜೂರ ಸಿಗದ ದಿನವಿಲ್ಲ. ಆದ್ದರಿಂದ ಜೇನನ್ನು ಬಿಡುವುದರಲ್ಲಿ ಯಾವ ತೊಡಕೂ ಇಲ್ಲ. ಖರ್ಜೂರದ ವಿಷಯದಲ್ಲಿಯೂ ಮೊದಲು ವೈದ್ಯರನ್ನು ಕೇಳಿ. ಶೀತ, ಜ್ವರ, ಬಾಯಿಹುಣ್ಣು ಇರುವವರು ಅದನ್ನು ಮಾಡುವುದು ಬೇಡ. ಮಗು ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಳದಿ ಹಾಲು ಸಿಗುವುದು ಎಲ್ಲಕ್ಕಿಂತ ಮುಖ್ಯ.

ಜೇನಿನಲ್ಲಿ ಶಮನವಿದೆ ಎಂದಮೇಲೆ ಕೂಸಿಗೇಕೆ ಬೇಡ ಎಂದು ಕೆಲವರಿಗೆ ಅನ್ನಿಸಬಹುದು. ರಂಜಾನಿನ ಉಪವಾಸ ಎಷ್ಟು ಮಹತ್ವದ್ದೆಂದು ನಮಗೆಲ್ಲ ಗೊತ್ತು. ಆದರೂ ಅದು ಎಳೆಮಕ್ಕಳಿಗೆ ಕಡ್ಡಾಯವಲ್ಲ. ರೋಗಿಗೂ ಪ್ರಯಾಣಿಕನಿಗೂ ರಿಯಾಯಿತಿ ಇದೆ. ಇದರಿಂದ ಉಪವಾಸದ ಮಹತ್ವವೇನೂ ಕುಗ್ಗಲಿಲ್ಲ. ಹಾಗೆಯೇ ಹಸುಳೆಯಿಂದ ಜೇನನ್ನು ದೂರವಿಟ್ಟರೆ ಜೇನಿನ ಗೌರವವೂ ಕುಗ್ಗುವುದಿಲ್ಲ. ಯಾರಿಗೆ, ಯಾವಾಗ, ಎಷ್ಟು ಎಂದು ತಿಳಿದು ಕೊಟ್ಟರೇ ಮದ್ದು ಮದ್ದಾಗುವುದು.

ಒಂದು ವರ್ಷ ದಾಟಿದ ಮಕ್ಕಳ ವಿಷಯದಲ್ಲಿ ಅಜ್ಜಿಯ ಮಾತಿಗೆ ವಿಜ್ಞಾನದ ಬೆಂಬಲವಿದೆ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2ರಿಂದ 18 ವರ್ಷದ 105 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಮಲಗುವ ಮುನ್ನ ಜೇನು ಪಡೆದವರ ರಾತ್ರಿ ಕೆಮ್ಮು ಏನೂ ಪಡೆಯದವರಿಗಿಂತ ಚೆನ್ನಾಗಿ ತಗ್ಗಿತ್ತು. 2012ರಲ್ಲಿ ಇಸ್ರೇಲಿನಲ್ಲಿ 1ರಿಂದ 5 ವರ್ಷದ 300 ಮಕ್ಕಳಲ್ಲಿ ಜೇನನ್ನು ಖರ್ಜೂರದ ಪಾಕದೊಂದಿಗೆ ಹೋಲಿಸಿ ನೋಡಿದಾಗಲೂ ಜೇನೇ ಮೇಲಾಯಿತು. ಒಂದು ವರ್ಷ ತುಂಬಿದ ಮಗುವಿಗೆ ಮಲಗುವ ಮುನ್ನ ಅರ್ಧದಿಂದ ಒಂದು ಟೀ ಚಮಚ ಸಾಕು. ಆಮೇಲೆ ಹಲ್ಲು ಒರೆಸುವುದನ್ನು ಮರೆಯಬೇಡಿ.

ಹಾಗಾದರೆ ಕೂಸಿನ ಕೆಮ್ಮಿಗೆ ಏನು ಮಾಡಬೇಕು? ಜೇನಿನ ಬದಲು ಕೆಮ್ಮಿನ ಸಿರಪ್ ತರೋಣ ಎಂದುಕೊಳ್ಳಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಸಿರಪ್‌ಗಳನ್ನು ಬರೆದುಕೊಡಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅದೇ ಅಕ್ಟೋಬರಿನಲ್ಲಿ ಸೂಚಿಸಿತು.

ಸಾಮಾನ್ಯ ಶೀತದ ಕೆಮ್ಮು ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ಮೇಲಿಂದ ಮೇಲೆ ಎದೆಹಾಲು ಕೊಡಿ. ಆರು ತಿಂಗಳು ತುಂಬಿದ್ದರೆ ಕಾಯಿಸಿ ಆರಿಸಿದ ನೀರನ್ನೂ ಕೊಡಬಹುದು. ಮೂಗು ಕಟ್ಟಿದ್ದರೆ ಔಷಧಿ ಅಂಗಡಿಯ ಸಲೈನ್ ಹನಿ ಹಾಕಿ ಮೆತ್ತಗೆ ಒರೆಸಿ. ಬೆಚ್ಚಗೆ ಇಡಿ. ಇನ್ನೊಂದು ಮಾತು: ಸ್ನಾನವಾದ ಮೇಲೆ ಮಗುವಿಗೆ ಲೋಬಾನದ ಹೊಗೆ ಹಿಡಿಯುವುದನ್ನು ಬಿಡಿ. ಅಗರಬತ್ತಿ, ಬೀಡಿ, ಸೌದೆ ಒಲೆ, ಯಾವುದರ ಹೊಗೆಯೂ ಆ ಪುಟ್ಟ ಶ್ವಾಸಕೋಶಕ್ಕೆ ಒಗ್ಗದು. ಆರು, ಹತ್ತು, ಹದಿನಾಲ್ಕು ವಾರಗಳ ಲಸಿಕೆಗಳನ್ನು ತಪ್ಪಿಸಬೇಡಿ. ನಾಯಿಕೆಮ್ಮು ಬಾರದಂತೆ ಕಾಯುವುದು ಅವೇ.

ಯಾವಾಗ ಆಸ್ಪತ್ರೆಗೆ ಓಡಬೇಕು? ಇದನ್ನು ವಿದ್ಯಾರ್ಥಿಗಳೂ ಕಲಿಯಬಹುದು. ಮಗು ಅಳದೆ ಶಾಂತವಾಗಿರುವಾಗ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಅದರ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ತಡಮಾಡಬೇಡಿ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಸೆಳೆಯುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯದಿರುವುದು, ಮಂಕಾಗಿ ಮಲಗುವುದು, ಫಿಟ್ಸ್ ಬರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಎರಡು ತಿಂಗಳೊಳಗಿನ ಮಗುವಿಗೆ ಕೆಮ್ಮು ಬಂದರೆ ಮನೆಯಲ್ಲಿಟ್ಟುಕೊಂಡು ಕಾಯದೆ ವೈದ್ಯರಿಗೆ ತೋರಿಸಿ.

ಕೊನೆಯದಾಗಿ ನನ್ನ ವಿದ್ಯಾರ್ಥಿಗಳಿಗೆ. ಮನೆಯಲ್ಲಿ ತಮ್ಮನೋ ತಂಗಿಯೋ, ಅಕ್ಕನ ಮಗುವೋ ಇದ್ದರೆ ಈ ವಿಷಯ ಹೇಳಬೇಕಾದವರು ನೀವೇ. ಆದರೆ ಹೇಗೆ ಹೇಳುತ್ತೀರಿ ಎಂಬುದು ಮುಖ್ಯ. ಎಳೆಯ ಸೊಸೆ ಒಂದು ಕಡೆ ವೈದ್ಯರ ಮಾತಿಗೂ ಇನ್ನೊಂದು ಕಡೆ ಅತ್ತೆಯ ಮಾತಿಗೂ ಸಿಕ್ಕಿ ನರಳುತ್ತಿರುತ್ತಾಳೆ. ಅಲ್ಲಿಗೆ ನೀವು ಪುಸ್ತಕ ಹಿಡಿದು ಜಗಳಕ್ಕೆ ಹೋದರೆ ಅಜ್ಜಿಯ ಮನಸ್ಸು ನೋಯುತ್ತದೆ, ಜೇನಿನ ಬಾಟಲಿ ಮಾತ್ರ ಇದ್ದಲ್ಲಿಯೇ ಇರುತ್ತದೆ. ಅವರ ಪಕ್ಕ ಕುಳಿತು ಮೆಲ್ಲಗೆ ಹೇಳಿ: "ದಾದಿ, ಒಂದು ವರ್ಷ ತುಂಬಲಿ. ಮೊದಲ ಬೆರಳು ಜೇನನ್ನು ನೀವೇ ನೆಕ್ಕಿಸಿ." ಅವರು ಒಪ್ಪುತ್ತಾರೆ, ಇನ್ಶಾ ಅಲ್ಲಾಹ್. ಏಕೆಂದರೆ ಮಗು ಚೆನ್ನಾಗಿರಲಿ ಎಂಬ ಆಸೆ ನಿಮಗಿಂತ ಅವರಿಗೇ ಹೆಚ್ಚು.

ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಆರೋಗ್ಯ ಮತ್ತು ಆಯುಷ್ಯವನ್ನು ಕರುಣಿಸಲಿ.